ವಿರೋಧ ಪಕ್ಷದ ಬೆಂಚಿನಲ್ಲಿ ಶುರುವಾದ ಯುದ್ಧ

ಶ್ರೀಲಂಕಾದ ಅಂತರ್ಯುದ್ಧ ಯಾವಾಗ ಶುರುವಾಯಿತು ಎಂದು ಕೇಳಿದರೆ ಬಹುಪಾಲು ಮಂದಿ 1983ರ ಜುಲೈ ಎನ್ನುತ್ತಾರೆ. ಗುಂಡು ಹಾರಿದ ದಿನದಿಂದ ಯುದ್ಧವನ್ನು ಲೆಕ್ಕ ಹಾಕುವುದು ರೂಢಿ. ಆದರೆ ಆ ಯುದ್ಧಕ್ಕೆ ದಾರಿ ಕಾಲು ಶತಮಾನ ಮೊದಲೇ ಸಿದ್ಧವಾಗಿತ್ತು ಎನ್ನುವುದು ನನ್ನ ವಾದ. ದಾರಿ ಮಾಡಿದವರು ಯಾರು? ಸಿಂಹಳರು ಮತ್ತು ತಮಿಳರು ಎಂದು ತಕ್ಷಣ ಹೇಳಬೇಡಿ. ಸಿಂಹಳರದೇ ಎರಡು ಪಕ್ಷಗಳಿದ್ದವು. ಒಂದರ ಹೆಸರು ಯುಎನ್‌ಪಿ (ಯುನೈಟೆಡ್ ನ್ಯಾಷನಲ್ ಪಾರ್ಟಿ), ಇನ್ನೊಂದು ಎಸ್‌ಎಲ್‌ಎಫ್‌ಪಿ (ಶ್ರೀಲಂಕಾ ಫ್ರೀಡಂ ಪಾರ್ಟಿ). ಎರಡನ್ನೂ ನಡೆಸುತ್ತಿದ್ದವರು ಕೊಲಂಬೊದ ಶ್ರೀಮಂತ ಮನೆತನದವರು, ಒಂದೇ ಬಗೆಯ ಶಾಲೆಗಳಲ್ಲಿ ಓದಿದವರು, ಮನೆಯಲ್ಲಿ ಇಂಗ್ಲಿಷ್ ಮಾತಾಡುತ್ತಿದ್ದವರು. ಇವರಲ್ಲಿ ಅಧಿಕಾರದಲ್ಲಿದ್ದವರು ತಮಿಳರೊಂದಿಗೆ ಒಂದು ರಾಜಿಗೆ ಬಂದಾಗಲೆಲ್ಲ ವಿರೋಧ ಪಕ್ಷದಲ್ಲಿದ್ದವರು ಅದನ್ನು ಮುರಿದು ಹಾಕಿದರು. ಚುನಾವಣೆಯಾಗಿ ಜಾಗ ಅದಲುಬದಲಾದ ಮೇಲೆ, ನಿನ್ನೆ ಮುರಿದವರು ಇಂದು ರಾಜಿಗೆ ಕೂತರು, ನಿನ್ನೆ ರಾಜಿ ಮಾಡಿಕೊಂಡವರು ಇಂದು ಬೀದಿಗಿಳಿದರು. ಇದು ಒಂದು ಸಲ ಆದದ್ದಲ್ಲ. ಅದಕ್ಕೇ ಇದನ್ನು ವಿವರವಾಗಿ ನೋಡಬೇಕು ಅನ್ನಿಸುತ್ತದೆ ನನಗೆ.

ಮೊದಲು ಒಬ್ಬ ಮನುಷ್ಯನನ್ನು ನೋಡೋಣ. ಸಾಲೊಮನ್ ವೆಸ್ಟ್ ರಿಜ್ವೆ ಡಯಾಸ್ ಬಂಡಾರನಾಯಕೆ. ಹೆಸರಲ್ಲೇ ಅವರ ಮನೆತನದ ಕಥೆ ಇದೆ. ತಂದೆ ಬ್ರಿಟಿಷ್ ಗವರ್ನರ್‌ಗೆ ಮಹಾ ಮುದಲಿಯಾರ್, ಅಂದರೆ ದೇಶೀಯ ಅಧಿಕಾರಿಗಳ ಮುಖ್ಯಸ್ಥ, ಆಗಿದ್ದವರು. ಮಗ ಹುಟ್ಟಿದ್ದು ಆಂಗ್ಲಿಕನ್ ಕ್ರೈಸ್ತನಾಗಿ, ಓದಿದ್ದು ಆಕ್ಸ್‌ಫರ್ಡಿನಲ್ಲಿ. ಊರಿಗೆ ಮರಳಿ ರಾಜಕೀಯಕ್ಕಿಳಿದ ಮೇಲೆ ಬೌದ್ಧರಾದರು. ಇದೇ ಬಂಡಾರನಾಯಕೆ 1926ರಲ್ಲಿ, ಇನ್ನೂ ತರುಣರಿದ್ದಾಗ, ಪತ್ರಿಕೆಯಲ್ಲಿ ಲೇಖನಮಾಲೆ ಬರೆದು, ಉತ್ತರದ ತಮಿಳರ ಮುಖ್ಯ ಊರಾದ ಜಾಫ್ನಾಕ್ಕೆ ಹೋಗಿ ಭಾಷಣವನ್ನೂ ಮಾಡಿದ್ದರು. ವಿಷಯ ಏನು ಗೊತ್ತೇ? ಸಿಲೋನಿಗೆ (ಶ್ರೀಲಂಕಾದ ಆಗಿನ ಹೆಸರು) ಒಕ್ಕೂಟ ವ್ಯವಸ್ಥೆಯೇ ಸರಿ, ಒಬ್ಬೊಬ್ಬರ ಪ್ರಾಂತ್ಯವನ್ನು ಅವರವರೇ ಆಳಿಕೊಳ್ಳಲಿ ಎನ್ನುವುದು. ಆಗ ಅದನ್ನು ತಮಿಳರೇ ಕೇಳಿರಲಿಲ್ಲ! ಮೂವತ್ತು ವರ್ಷದ ನಂತರ ಸಿಂಹಳವೊಂದೇ ರಾಜ್ಯಭಾಷೆ ಎಂಬ ಕಾನೂನು ತಂದವರೂ ಇವರೇ. ಈ ಮನುಷ್ಯನನ್ನು ತಮಿಳರ ದ್ವೇಷಿ ಎಂದು ಕರೆದು ಮುಗಿಸಿಬಿಡಲು ನನಗೆ ಆಗುವುದಿಲ್ಲ. ದ್ವೇಷಿ ಆಗಿದ್ದರೆ ಕಥೆ ಸುಲಭವಾಗಿರುತ್ತಿತ್ತು.

1948ರ ಫೆಬ್ರವರಿ 4ರಂದು ಸ್ವಾತಂತ್ರ್ಯ ಬಂತು. ಅದೇ ವರ್ಷದ ಪೌರತ್ವ ಕಾನೂನು ಚಹಾ ತೋಟಗಳಲ್ಲಿ ದುಡಿಯುತ್ತಿದ್ದ ಭಾರತ ಮೂಲದ ತಮಿಳರನ್ನು ಹೊರಗಿಟ್ಟಿತು. ಮರುವರ್ಷ ಅವರ ಮತದಾನದ ಹಕ್ಕೂ ಹೋಯಿತು. ಅದಕ್ಕೆ ಮುಂಚೆ 1947ರ ಚುನಾವಣೆಯಲ್ಲಿ ಈ ತೋಟದ ಕಾರ್ಮಿಕರು ತಮ್ಮವರನ್ನು ಗೆಲ್ಲಿಸಿಕೊಂಡಿದ್ದರು, ಬೇರೆ ಕ್ಷೇತ್ರಗಳಲ್ಲಿ ಎಡಪಕ್ಷಗಳ ಕೈ ಬಲಪಡಿಸಿದ್ದರು. ಅದು ಸರ್ಕಾರಕ್ಕೆ ಸಹಿಸಲಿಲ್ಲ. ಇದರಲ್ಲಿ ಜನಾಂಗದ ಮಾತು ಎಷ್ಟಿತ್ತೋ ಮತಪೆಟ್ಟಿಗೆಯ ಲೆಕ್ಕವೂ ಅಷ್ಟೇ ಇತ್ತು. ಈ ಜನರ ಕಥೆಯ ಒಂದು ತುದಿ ನಮ್ಮಲ್ಲೇ ಇದೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಆಗಿನ ಸಿಲೋನ್ ಪ್ರಧಾನಿ, ಬಂಡಾರನಾಯಕೆಯವರ ಪತ್ನಿ ಸಿರಿಮಾವೊ ಬಂಡಾರನಾಯಕೆ ಕೂತು, 9,75,000 ಮಂದಿಯನ್ನು ಇಷ್ಟು ನಿಮಗೆ, ಇಷ್ಟು ನಮಗೆ ಎಂದು ಹಂಚಿಕೊಳ್ಳುವ ಒಪ್ಪಂದ ಮಾಡಿದರು. ಭಾರತದ ಪಾಲಿಗೆ 5,25,000. ಹಾಗೆ ಬಂದವರಲ್ಲಿ ಒಂದಷ್ಟು ಕುಟುಂಬಗಳು ಸುಳ್ಯ, ಪುತ್ತೂರಿನ ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿಗೆ ಬಂದವು. ಇವತ್ತಿಗೂ ಅಲ್ಲಿ ಬೆಳಗಿನ ಜಾವ ರಬ್ಬರ್ ಹಾಲು ತೆಗೆಯುವವರಲ್ಲಿ ಅವರ ಮಕ್ಕಳು, ಮೊಮ್ಮಕ್ಕಳು ಇದ್ದಾರೆ. ಕೊಲಂಬೊದ ಸಂಸತ್ತಿನಲ್ಲಿ ಯಾರೋ ಸೀಟಿನ ಲೆಕ್ಕ ಹಾಕಿದ್ದಕ್ಕೆ ಸುಳ್ಯದಲ್ಲಿ ಒಂದು ಕಾಲೊನಿ ಹುಟ್ಟಿತು ನೋಡಿ.

ಸೀಟಿನ ಲೆಕ್ಕ ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸುತ್ತೇನೆ. ದೇಶದಲ್ಲಿ ಹತ್ತರಲ್ಲಿ ಏಳು ಜನ ಸಿಂಹಳರು. ತೋಟದ ತಮಿಳರ ಮತ ಹೋದ ಮೇಲೆ ಸಿಂಹಳ ಗ್ರಾಮಗಳ ಮತದ ತೂಕ ಇನ್ನೂ ಹೆಚ್ಚಿತು. ಉತ್ತರ, ಪೂರ್ವದ ತಮಿಳು ಕ್ಷೇತ್ರಗಳಲ್ಲಿ ಈ ಎರಡು ದೊಡ್ಡ ಪಕ್ಷಗಳಿಗೆ ಗೆಲ್ಲುವ ಆಸೆಯೇ ಇರಲಿಲ್ಲ. ಹಾಗಾದರೆ ಪೈಪೋಟಿ ಎಲ್ಲಿ ನಡೆಯಬೇಕು? ಸಿಂಹಳ ಮತದಾರರ ಮುಂದೆ ಮಾತ್ರ. ಅಲ್ಲಿ ನಡೆದದ್ದು ಅಡಿಕೆ ಮಂಡಿಯ ಹರಾಜಿನ ಹಾಗೆ: ಒಬ್ಬ ಒಂದು ದರ ಕೂಗಿದರೆ ಇನ್ನೊಬ್ಬ ಅದಕ್ಕಿಂತ ಮೇಲೆ ಕೂಗಬೇಕು, ಇಲ್ಲದಿದ್ದರೆ ಮಾಲು ಹೋಯಿತು. ಕೆಳಗೆ ಕೂಗಿ ಗೆದ್ದವರು ಯಾರೂ ಇಲ್ಲ.

ಯುಎನ್‌ಪಿಯಲ್ಲಿದ್ದ ಬಂಡಾರನಾಯಕೆ 1951ರಲ್ಲಿ ಹೊರಬಂದು ಎಸ್‌ಎಲ್‌ಎಫ್‌ಪಿ ಕಟ್ಟಿದರು. 1954ರಲ್ಲಿ ಯುಎನ್‌ಪಿಯ ಪ್ರಧಾನಿ ಜಾನ್ ಕೊಟೆಲಾವಲ ಜಾಫ್ನಾಕ್ಕೆ ಹೋದಾಗ ಸಿಂಹಳ, ತಮಿಳು ಎರಡಕ್ಕೂ ಸಮಾನ ಸ್ಥಾನ ಕೊಡುತ್ತೇವೆ ಎಂದುಬಿಟ್ಟರು. ದಕ್ಷಿಣದಲ್ಲಿ ಗದ್ದಲವೆದ್ದಿತು. ಬಂಡಾರನಾಯಕೆ ಆ ಗದ್ದಲವನ್ನು ಹಿಡಿದರು: ನನ್ನನ್ನು ಗೆಲ್ಲಿಸಿ, ಇಪ್ಪತ್ತನಾಲ್ಕು ಗಂಟೆಯಲ್ಲಿ ಸಿಂಹಳವೊಂದನ್ನೇ ರಾಜ್ಯಭಾಷೆ ಮಾಡುತ್ತೇನೆ. ಇದನ್ನು ಕೇಳಿ ಯುಎನ್‌ಪಿ ಏನು ಮಾಡಿತು? ಎರಡು ಭಾಷೆಯ ನಿಲುವಿಗೆ ಅಂಟಿಕೊಂಡು ನಿಂತಿತೇ? ಇಲ್ಲ. 1956ರ ಫೆಬ್ರವರಿಯಲ್ಲಿ ಕೆಲನಿಯದಲ್ಲಿ ಅಧಿವೇಶನ ಸೇರಿ, ನಮ್ಮದೂ ಸಿಂಹಳ ಮಾತ್ರ ಎಂದಿತು. ಆ ಕ್ಷಣಕ್ಕೆ ತಮಿಳರಿಗೆ ದೇಶದ ಎರಡೂ ದೊಡ್ಡ ಪಕ್ಷಗಳು ಇಲ್ಲವಾದವು. ಏಪ್ರಿಲ್ ಚುನಾವಣೆಯಲ್ಲಿ 95 ಸ್ಥಾನಗಳಲ್ಲಿ ಬಂಡಾರನಾಯಕೆಯವರ ಮೈತ್ರಿಕೂಟ 51 ಗೆದ್ದಿತು. ಯುಎನ್‌ಪಿ 8ಕ್ಕಿಳಿಯಿತು. ತಡವಾಗಿ ಕೂಗಿದವರಿಗೆ ಏನೂ ಸಿಗಲಿಲ್ಲ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋದರೆ ಸಿಂಹಳರಿಗೆ ಅನ್ಯಾಯ ಮಾಡಿದ ಹಾಗಾಗುತ್ತದೆ. ಅವರ ದೂರಿನಲ್ಲಿ ಹುರುಳಿತ್ತು. ಸ್ವಾತಂತ್ರ್ಯ ಬಂದು ಎಂಟು ವರ್ಷವಾದರೂ ಸರ್ಕಾರ ನಡೆಯುತ್ತಿದ್ದುದು ಇಂಗ್ಲಿಷಿನಲ್ಲಿ. ಆ ಭಾಷೆ ಬಲ್ಲವರು ನೂರಕ್ಕೆ ಹತ್ತು ಮಂದಿಯೂ ಇಲ್ಲ. ತಾಲ್ಲೂಕು ಕಚೇರಿಗೆ ಹೋದ ಹಳ್ಳಿಯವನಿಗೆ ತನ್ನ ಹೆಸರಿಗೆ ಬಂದ ಕಾಗದವನ್ನು ಓದಲು ಇನ್ನೊಬ್ಬ ಬೇಕು. ಸಿಂಹಳ ಶಾಲೆಯ ಮೇಷ್ಟ್ರಿಗೆ, ಆಯುರ್ವೇದದ ಪಂಡಿತನಿಗೆ ಮರ್ಯಾದೆಯೂ ಇಲ್ಲ, ಸಂಬಳವೂ ಇಲ್ಲ. ಇನ್ನೊಂದು ಕಡೆ ಜಾಫ್ನಾದ ಒಣ ನೆಲದಲ್ಲಿ ಬೆಳೆ ನಂಬಿ ಬದುಕುವುದು ಕಷ್ಟ. ಅಲ್ಲಿ ಅಮೆರಿಕನ್ ಮಿಷನ್‌ನವರು ಕಟ್ಟಿದ ಶಾಲೆಗಳು ಒಳ್ಳೆಯವಿದ್ದವು, ಓದಿ ಸರ್ಕಾರಿ ನೌಕರಿ ಹಿಡಿಯುವುದೇ ಅವರ ಬೇಸಾಯ. ಹಾಗಾಗಿ ಕಚೇರಿಗಳಲ್ಲಿ ತಮಿಳರ ಸಂಖ್ಯೆ ಅವರ ಜನಸಂಖ್ಯೆಗಿಂತ ಹೆಚ್ಚಿತ್ತು. ಬಂಡಾರನಾಯಕೆ ಕೂಡಿಸಿದ ಬಲಕ್ಕೆ ಅವರು ಕೊಟ್ಟ ಹೆಸರು ಪಂಚ ಮಹಾ ಬಲವೇಗ: ಸಂಘ (ಬೌದ್ಧ ಭಿಕ್ಷುಗಳು), ವೈದ್ಯ, ಗುರು, ರೈತ, ಕಾರ್ಮಿಕ. ಇವರಿಗೆ ತಮ್ಮ ಭಾಷೆಯಲ್ಲಿ ಸರ್ಕಾರ ಬೇಕಿತ್ತು. ಕನ್ನಡಿಗರಾದ ನಮಗೆ ಇದು ಅರ್ಥವಾಗದ ಆಸೆಯೇನಲ್ಲ. ಇಂಗ್ಲಿಷನ್ನು ಇಳಿಸಬೇಕೆಂಬ ನ್ಯಾಯವಾದ ಬೇಡಿಕೆಯನ್ನು ತಮಿಳನ್ನು ಇಳಿಸುವ ಬೇಡಿಕೆಯಾಗಿ ತಿರುಗಿಸಿದ್ದು ಚುನಾವಣೆ.

ಅದೇ 1956ರಲ್ಲಿ ಸಮುದ್ರದ ಈಚೆ ಏನಾಗುತ್ತಿತ್ತು ನೆನಪಿಸಿಕೊಳ್ಳಿ. ನವೆಂಬರ್ 1ರಂದು ಭಾಷಾವಾರು ಪ್ರಾಂತ್ಯಗಳು ಆದವು, ಹಳೇ ಮೈಸೂರು, ಮುಂಬಯಿ, ಹೈದರಾಬಾದು, ಮದ್ರಾಸಿನಲ್ಲಿ ಹಂಚಿಹೋಗಿದ್ದ ಕನ್ನಡಿಗರು ಒಂದಾದರು. ನೆಹರೂ ಅವರಿಗೆ ಇದು ಮನಸ್ಸಿಲ್ಲದ ಕೆಲಸ, ದೇಶ ಒಡೆದೀತೆಂಬ ಭಯ ಅವರಿಗೆ ಇತ್ತು. ಆದರೂ ಕೊಟ್ಟರು. 1965ರಲ್ಲಿ ಮದ್ರಾಸು ಹಿಂದಿಯ ವಿರುದ್ಧ ಹೊತ್ತಿ ಉರಿದಾಗ ದಿಲ್ಲಿ ಹಿಂದೆ ಸರಿಯಿತು, 1967ರಲ್ಲಿ ಕಾನೂನನ್ನೇ ತಿದ್ದಿತು. ದ್ರಾವಿಡನಾಡು ಕೇಳುತ್ತಿದ್ದ ಡಿಎಂಕೆ ಆ ಬೇಡಿಕೆಯನ್ನು ಕೈಬಿಟ್ಟು, ಚುನಾವಣೆ ಗೆದ್ದು, ಅಧಿಕಾರ ನಡೆಸಿತು. ಪಾಕ್ ಜಲಸಂಧಿ ಅಷ್ಟು ಕಿರಿದು. ಎರಡು ದಂಡೆಯ ಚರಿತ್ರೆ ಎಷ್ಟು ಬೇರೆಯಾಯಿತು!

ಸರಿ, ಕೊಲಂಬೊಗೆ ಮರಳೋಣ. 1956ರ ಜೂನ್ 5. ಭಾಷಾ ಮಸೂದೆ ಸಂಸತ್ತಿಗೆ ಬಂದ ದಿನ. ಎದುರಿನ ಗಾಲ್ ಫೇಸ್ ಮೈದಾನದಲ್ಲಿ ತಮಿಳರ ಫೆಡರಲ್ ಪಕ್ಷದವರು ಸತ್ಯಾಗ್ರಹಕ್ಕೆ ಕೂತರು. ಅವರ ನಾಯಕ ಎಸ್.ಜೆ.ವಿ. ಚೆಲ್ವನಾಯಗಂ. ಮೆಲುದನಿಯ ವಕೀಲರು, ಕ್ರೈಸ್ತರು. ಬಹುಪಾಲು ಹಿಂದೂಗಳಾದ ತಮಿಳರು ಅವರನ್ನು ತಂದೈ ಚೆಲ್ವ ಎಂದು ಕರೆದರು. ಕೂತಿದ್ದವರ ಮೇಲೆ ಗುಂಪು ಬಿದ್ದು ಹೊಡೆಯಿತು. ಪೊಲೀಸರು ನೋಡುತ್ತ ನಿಂತರು. ಆ ವರ್ಷವಷ್ಟೇ ಗೆದ್ದು ಬಂದಿದ್ದ ತರುಣ ಸದಸ್ಯ ಎ. ಅಮೃತಲಿಂಗಂ ತಲೆಗೆ ಪಟ್ಟಿ ಕಟ್ಟಿಕೊಂಡು ಸಂಸತ್ತಿನೊಳಗೆ ಬಂದರು. ಈ ಹೆಸರನ್ನು ನೆನಪಿಡಿ, ಅಮೃತಲಿಂಗಂ. ಕೊನೆಯವರೆಗೂ ಬರುತ್ತಾರೆ.

ಆ ಚರ್ಚೆಯಲ್ಲಿ ಒಬ್ಬ ಸಿಂಹಳ ಸದಸ್ಯರು ಆಡಿದ ಮಾತು ಚರಿತ್ರೆಯಲ್ಲಿ ಉಳಿದಿದೆ. ಎಲ್‌ಎಸ್‌ಎಸ್‌ಪಿ ಎಂಬ ಎಡಪಕ್ಷದ ಕಾಲ್ವಿನ್ ಆರ್. ಡಿ ಸಿಲ್ವ ಹೇಳಿದರು: ಒಂದು ಭಾಷೆ ಎಂದರೆ ಎರಡು ದೇಶ, ಎರಡು ಭಾಷೆ ಎಂದರೆ ಒಂದು ದೇಶ. ಇದಕ್ಕಿಂತ ಸ್ಪಷ್ಟವಾಗಿ ಎಚ್ಚರಿಸಲು ಸಾಧ್ಯವಿತ್ತೇ? ಇವರ ಹೆಸರನ್ನೂ ನೆನಪಿಡಿ.

ಈಗ ಬಂಡಾರನಾಯಕೆ ಪ್ರಧಾನಿ. ಕಾನೂನು ಬಂತು, ಪೂರ್ವದ ಗಲ್ ಓಯಾ ಕಣಿವೆಯಲ್ಲಿ ತಮಿಳರ ಕೊಲೆಗಳಾದವು. ಅಧಿಕಾರದಲ್ಲಿ ಕೂತ ಮೇಲೆ ಅವರಿಗೆ ದೇಶದ ಇನ್ನೊಂದು ಭಾಗವೂ ಕಾಣಿಸಿತು. 1957ರ ಜುಲೈ 26ರಂದು ಚೆಲ್ವನಾಯಗಂ ಜತೆ ಒಪ್ಪಂದಕ್ಕೆ ಬಂದರು. ಉತ್ತರ, ಪೂರ್ವದಲ್ಲಿ ಆಡಳಿತ ತಮಿಳಿನಲ್ಲಿ ನಡೆಯಬಹುದು, ಪ್ರಾದೇಶಿಕ ಮಂಡಳಿಗಳು ಬರುತ್ತವೆ, ಕೃಷಿ, ಶಿಕ್ಷಣ, ಹೊಸ ಜನವಸತಿಯಂಥ ವಿಷಯಗಳು ಅವುಗಳ ಕೈಗೆ. ಚೆಲ್ವನಾಯಗಂ ತಮ್ಮ ಕಡೆಯಿಂದ ಒಕ್ಕೂಟದ ಬೇಡಿಕೆಯನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು, ಹೂಡಬೇಕೆಂದಿದ್ದ ಸತ್ಯಾಗ್ರಹವನ್ನು ನಿಲ್ಲಿಸಿದರು. ಇಬ್ಬರೂ ತಮ್ಮ ತಮ್ಮ ಜನರ ಬೈಗುಳಕ್ಕೆ ಸಿದ್ಧರಾಗಿ ಹಾಕಿದ ಸಹಿ ಅದು.

ಯುಎನ್‌ಪಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕಿರಲಿಲ್ಲ. ಒಂದು ವರ್ಷದ ಹಿಂದೆ ನೆಲಕಚ್ಚಿದ ಪಕ್ಷ. ಅದರ ನಾಯಕರಲ್ಲೊಬ್ಬರಾದ ಜೆ.ಆರ್. ಜಯವರ್ಧನೆ 1957ರ ಅಕ್ಟೋಬರಿನಲ್ಲಿ ಕೊಲಂಬೊದಿಂದ ಕ್ಯಾಂಡಿಗೆ ಪಾದಯಾತ್ರೆ ಹೊರಟರು, ಬುದ್ಧನ ದಂತಧಾತುವಿನ ಮಂದಿರದಲ್ಲಿ ಪ್ರಾರ್ಥಿಸಿ ಸಿಂಹಳರನ್ನು ಈ ದ್ರೋಹದಿಂದ ಕಾಪಾಡಿ ಎಂದು ಬೇಡುವುದಕ್ಕೆ. ಇಂಬುಲ್‌ಗೊಡದಲ್ಲಿ ಆಳುವ ಪಕ್ಷದವರು ರಸ್ತೆಗೆ ಅಡ್ಡ ನಿಂತು ಯಾತ್ರೆಯನ್ನು ತಡೆದರು. ಯಾತ್ರೆ ಕ್ಯಾಂಡಿ ತಲುಪಲಿಲ್ಲ, ಮಾತು ತಲುಪಿತು.

1958ರಲ್ಲಿ ಸರ್ಕಾರಿ ಬಸ್ಸುಗಳ ನಂಬರ್ ಪ್ಲೇಟಿನ ಮೇಲೆ ಸಿಂಹಳ ಲಿಪಿಯ ಶ್ರೀ ಬಂತು. ಆ ಬಸ್ಸುಗಳನ್ನು ಉತ್ತರಕ್ಕೂ ಕಳಿಸಿದರು. ಜಾಫ್ನಾದಲ್ಲಿ ಅದರ ಮೇಲೆ ಡಾಂಬರು ಬಳಿದರು. ಕೊಲಂಬೊದಲ್ಲಿ ಗುಂಪುಗಳು ತಮಿಳು ಬೋರ್ಡುಗಳಿಗೆಲ್ಲ ಡಾಂಬರು ಬಳಿದವು. ಏಪ್ರಿಲ್ 9ರ ಬೆಳಿಗ್ಗೆ ರೋಸ್ಮೀಡ್ ಪ್ಲೇಸ್‌ನಲ್ಲಿ ಪ್ರಧಾನಿಯ ಮನೆಯ ಮುಂದೆ ಭಿಕ್ಷುಗಳ ದೊಡ್ಡ ಗುಂಪು ಬಂದು ಕೂತಿತು. ಒಪ್ಪಂದ ರದ್ದಾಗುವ ತನಕ ಏಳುವುದಿಲ್ಲ. ಬಂಡಾರನಾಯಕೆ ಮಾತಾಡಿ ನೋಡಿದರು. ಕೊನೆಗೆ ರದ್ದು ಮಾಡುತ್ತೇನೆಂದರು. ಬಾಯಿಮಾತು ಸಾಲದು, ಬರೆದು ಕೊಡಿ ಎಂದರು ಭಿಕ್ಷುಗಳು. ಬರೆದು ಕೊಟ್ಟರು. ಒಂಬತ್ತು ತಿಂಗಳೂ ತುಂಬದ ಒಪ್ಪಂದ ಅಲ್ಲಿಗೆ ಮುಗಿಯಿತು.

ಮೇ ತಿಂಗಳಲ್ಲಿ ಗಲಭೆ. ಪೊಲೊನ್ನರುವದ ಕಡೆ ರೈಲಿನಲ್ಲಿ ತಮಿಳರನ್ನು ಹುಡುಕಿ ಹೊಡೆಯುವುದರಿಂದ ಶುರುವಾಗಿ ಕೊಲಂಬೊವರೆಗೆ ಹಬ್ಬಿತು. ಪಾಣದುರದಲ್ಲಿ ಹಿಂದೂ ದೇವಸ್ಥಾನದ ಅರ್ಚಕರನ್ನು ಸುಟ್ಟು ಕೊಂದರು. ತುರ್ತು ಪರಿಸ್ಥಿತಿ ಬರುವುದಕ್ಕೆ ದಿನಗಳು ಹಿಡಿದವು. ಕೊಲಂಬೊದ ತಮಿಳರನ್ನು ಸರ್ಕಾರವೇ ಹಡಗು ಹತ್ತಿಸಿ ಜಾಫ್ನಾಕ್ಕೆ ಕಳಿಸಿತು. ಇದರ ಅರ್ಥವನ್ನು ಸ್ವಲ್ಪ ಯೋಚಿಸಿ. ತನ್ನ ಪ್ರಜೆಗಳನ್ನು ರಾಜಧಾನಿಯಲ್ಲಿ ಕಾಪಾಡಲಾಗದೆ, ನಿಮಗೆ ಸುರಕ್ಷಿತವಾದ ಜಾಗ ಉತ್ತರದಲ್ಲಿದೆ ಎಂದು ಸರ್ಕಾರವೇ ಹೇಳಿದ ಹಾಗಾಯಿತು. ಪ್ರತ್ಯೇಕ ದೇಶದ ನಕ್ಷೆಯನ್ನು ಮೊದಲು ತೋರಿಸಿಕೊಟ್ಟವರು ಯಾರು ಹಾಗಾದರೆ?

1959ರ ಸೆಪ್ಟೆಂಬರ್ 25ರಂದು ಅದೇ ರೋಸ್ಮೀಡ್ ಪ್ಲೇಸ್‌ನ ಮನೆಯ ಜಗಲಿಯಲ್ಲಿ ಸೋಮರಾಮ ಎಂಬ ಭಿಕ್ಷು ಬಂಡಾರನಾಯಕೆಗೆ ಗುಂಡು ಹಾರಿಸಿದ. ಮರುದಿನ ಅವರು ತೀರಿಕೊಂಡರು. ಸಂಚಿನ ಹಿಂದಿದ್ದವನು ಕೆಲನಿಯ ವಿಹಾರದ ಮುಖ್ಯಸ್ಥ ಬುದ್ಧರಕ್ಖಿತ. 1956ರಲ್ಲಿ ಬಂಡಾರನಾಯಕೆಯವರ ಪರವಾಗಿ ಊರೂರು ತಿರುಗಿ ಮತ ಕೇಳಿದ್ದವನು ಅವನೇ.

ಮುಂದಿನ ಸುತ್ತಿನಲ್ಲಿ ಪಾತ್ರಗಳು ಬದಲಾದವು. 1965ರ ಮಾರ್ಚಿನಲ್ಲಿ ಯುಎನ್‌ಪಿಯ ಡಡ್ಲಿ ಸೇನಾನಾಯಕೆ ಸರ್ಕಾರ ರಚಿಸಲು ಚೆಲ್ವನಾಯಗಂ ಜತೆ ಒಪ್ಪಂದಕ್ಕೆ ಬಂದರು, ಈ ಸಲ ಜಿಲ್ಲಾ ಮಂಡಳಿಗಳು. 1966ರ ಜನವರಿ 8ರಂದು, ತಮಿಳಿನ ಬಳಕೆಗೆ ನಿಯಮಗಳು ಸಂಸತ್ತಿಗೆ ಬಂದಾಗ, ಸಿರಿಮಾವೊ ಬಂಡಾರನಾಯಕೆಯವರ ಎಸ್‌ಎಲ್‌ಎಫ್‌ಪಿ ಬೀದಿಗಿಳಿಯಿತು. ಆ ನಿಯಮಗಳು ಯಾವ ಕಾನೂನಿನವು? 1958ರಲ್ಲಿ ಅವರ ಗಂಡನೇ ಮಾಡಿದ್ದ ಕಾನೂನಿನವು! ಪೊಲೀಸ್ ಗುಂಡಿಗೆ ಒಬ್ಬ ಭಿಕ್ಷು ಸತ್ತರು. ನನಗೆ ಇದಕ್ಕಿಂತ ನೋವು ಕೊಡುವುದು ಎಡಪಕ್ಷಗಳು ನಡೆದುಕೊಂಡ ರೀತಿ. ಹತ್ತು ವರ್ಷದ ಹಿಂದೆ ಎರಡು ಭಾಷೆಗಾಗಿ ಗಟ್ಟಿಯಾಗಿ ನಿಂತಿದ್ದವರು ಈಗ ಸಿರಿಮಾವೊ ಜತೆ ಸೇರಿ ಮೆರವಣಿಗೆಯಲ್ಲಿ ಕೂಗಿದ ಘೋಷಣೆ, ಡಡ್ಲಿಯ ಹೊಟ್ಟೆಯಲ್ಲಿ ಮಸಾಲೆ ವಡೆ ಎಂದು. ತಮಿಳರ ತಿಂಡಿ ತಿಂದು ಅವರಿಗೆ ಮಾರಿಕೊಂಡವನು ಎಂಬ ಅರ್ಥದಲ್ಲಿ. ಜಿಲ್ಲಾ ಮಂಡಳಿಯ ಪ್ರಸ್ತಾಪವನ್ನು 1968ರಲ್ಲಿ ಡಡ್ಲಿ ಕೈಬಿಟ್ಟರು. ಚೆಲ್ವನಾಯಗಂ ಎರಡನೆಯ ಸಲ ಬರಿಗೈಯಲ್ಲಿ ಜಾಫ್ನಾಕ್ಕೆ ಹೋದರು.

1970ರಲ್ಲಿ ಸಿರಿಮಾವೊ ಎಡಪಕ್ಷಗಳೊಂದಿಗೆ ಭಾರೀ ಬಹುಮತದಿಂದ ಬಂದರು. ಹೊಸ ಸಂವಿಧಾನ ಬರೆಯುವ ಹೊಣೆ ಬಿದ್ದದ್ದು ಸಂವಿಧಾನ ವ್ಯವಹಾರಗಳ ಮಂತ್ರಿಯ ಮೇಲೆ. ಆ ಮಂತ್ರಿ ಕಾಲ್ವಿನ್ ಆರ್. ಡಿ ಸಿಲ್ವ. ಹೌದು, ಅವರೇ. 1972ರ ಮೇ 22ರಂದು ಜಾರಿಗೆ ಬಂದ ಅವರ ಸಂವಿಧಾನ ಸಿಂಹಳವನ್ನು ರಾಜ್ಯಭಾಷೆ ಎಂದು ಸಂವಿಧಾನದೊಳಗೇ ಬರೆಯಿತು, ಬೌದ್ಧಧರ್ಮಕ್ಕೆ ಅಗ್ರಸ್ಥಾನ ಕೊಟ್ಟಿತು, ಹಳೆಯ ಸಂವಿಧಾನದಲ್ಲಿ ಅಲ್ಪಸಂಖ್ಯಾತರಿಗಿದ್ದ ರಕ್ಷಣೆಯ ಕಲಮನ್ನು ಕಿತ್ತುಹಾಕಿತು. ಮುಂದೇನಾಗುತ್ತದೆ ಎಂದು 1956ರಲ್ಲೇ ಬಲ್ಲವರಾಗಿದ್ದರು ಆ ಮನುಷ್ಯ. ಬುದ್ಧಿ ಇತ್ತು, ಓದಿತ್ತು, ದ್ವೇಷ ಇರಲಿಲ್ಲ. ವಿಶ್ವವಿದ್ಯಾಲಯಗಳಲ್ಲಿ ಪಾಠ ಮಾಡುವ ನಮ್ಮಂಥವರಿಗೆ ಈ ಪ್ರಸಂಗ ನಿದ್ದೆ ಕೆಡಿಸಬೇಕು.

ಹುಡುಗರ ಕಡೆಗೆ ಬರುತ್ತೇನೆ, ಬಂದೂಕು ಹಿಡಿದವರು ಅವರೇ. 1971ರಲ್ಲಿ ವೈದ್ಯಕೀಯ ಸೀಟಿಗೆ 400ರಲ್ಲಿ ತಮಿಳು ಮಾಧ್ಯಮದ ವಿದ್ಯಾರ್ಥಿಗೆ 250 ಅಂಕ ಬೇಕು, ಸಿಂಹಳ ಮಾಧ್ಯಮದವನಿಗೆ 229 ಸಾಕು ಎಂದಾಯಿತು. ಜಾಫ್ನಾದ ಮನೆಗಳಲ್ಲಿ ಮಗನ ಓದೇ ಆಸ್ತಿ ಎಂದು ಆಗಲೇ ಹೇಳಿದೆ. 240 ಅಂಕ ತೆಗೆದ ಹುಡುಗ ಜಗಲಿಯಲ್ಲಿ ಕೂತು ಏನು ಯೋಚಿಸಿರಬಹುದು? ಅವನ ಮುಂದೆ ಎಪ್ಪತ್ತು ದಾಟಿದ, ನಡುಗುವ ಕೈಯ ಚೆಲ್ವನಾಯಗಂ ಇನ್ನೂ ಅಹಿಂಸೆ ಎನ್ನುತ್ತಿದ್ದಾರೆ. ಅವರು 1972ರಲ್ಲಿ ತಮ್ಮ ಕಾಂಕೇಸಂತುರೈ ಸ್ಥಾನಕ್ಕೆ ರಾಜೀನಾಮೆ ಕೊಟ್ಟು, ಉಪಚುನಾವಣೆ ನಡೆಸಿ, ತಮಿಳರು ಈ ಸಂವಿಧಾನವನ್ನು ಒಪ್ಪುತ್ತಾರೋ ನೋಡೋಣ ಎಂದು ಸರ್ಕಾರಕ್ಕೆ ಸವಾಲು ಹಾಕಿದರು. ಸರ್ಕಾರ ಆ ಚುನಾವಣೆಯನ್ನು 1975ರ ಫೆಬ್ರವರಿ ತನಕ ಮುಂದೂಡಿತು. ಎರಡು ವರ್ಷಕ್ಕೂ ಹೆಚ್ಚು! ಒಂದು ಮತ ಹಾಕುವುದಕ್ಕೆ ಅಷ್ಟು ಕಾಯಿಸಿದರೆ, ಮತದ ಮೇಲೆ ನಂಬಿಕೆ ಇಡು ಎಂದು ಹುಡುಗನಿಗೆ ಯಾವ ಬಾಯಲ್ಲಿ ಹೇಳಬೇಕು? ಅದೇ ವರ್ಷ ಜುಲೈ 27ರಂದು ಜಾಫ್ನಾದ ಮೇಯರ್ ಆಲ್ಫ್ರೆಡ್ ದುರೈಯಪ್ಪ ಗುಡಿಗೆ ಹೋದಲ್ಲಿ ಗುಂಡಿಗೆ ಬಲಿಯಾದರು. ಕೊಂದವರಲ್ಲಿ ಇಪ್ಪತ್ತರ ಪ್ರಭಾಕರನ್ ಇದ್ದ, ಮುಂದೆ ಹುಲಿಗಳು ಎನಿಸಿಕೊಂಡ ಎಲ್‌ಟಿಟಿಇಯ ನಾಯಕ. ದುರೈಯಪ್ಪ ಸಿಂಹಳರಲ್ಲ, ತಮಿಳರು, ಆಳುವ ಎಸ್‌ಎಲ್‌ಎಫ್‌ಪಿ ಜತೆಗಿದ್ದವರು. ಮೊದಲ ಗುಂಡು ನಡುವೆ ನಿಂತ ತಮಿಳನಿಗೇ ಬಿತ್ತು.

1976ರ ಮೇ 14ರಂದು ವಟ್ಟುಕೋಟ್ಟೈಯಲ್ಲಿ ತಮಿಳು ಪಕ್ಷಗಳು ಸೇರಿ ಈಳಂ ಎಂಬ ಪ್ರತ್ಯೇಕ ತಮಿಳು ದೇಶ ಬೇಕೆಂದು ಠರಾವು ಮಾಡಿದವು. ಮರುವರ್ಷ ಚೆಲ್ವನಾಯಗಂ ತೀರಿಕೊಂಡರು. 1977ರ ಚುನಾವಣೆಯಲ್ಲಿ ಈ ಪಕ್ಷಗಳ ಕೂಟವಾದ ಟಿಯುಎಲ್‌ಎಫ್ (ತಮಿಳು ಸಂಯುಕ್ತ ವಿಮೋಚನಾ ರಂಗ) 18 ಸ್ಥಾನ ಗೆದ್ದು, ಅಮೃತಲಿಂಗಂ ಅಧಿಕೃತ ವಿರೋಧ ಪಕ್ಷದ ನಾಯಕರಾದರು. ಹಳೆಯ ಪಾದಯಾತ್ರಿ ಜಯವರ್ಧನೆ ಪ್ರಧಾನಿಯಾದರು, ಆಮೇಲೆ ಸಂವಿಧಾನ ಬದಲಿಸಿ ಅಧ್ಯಕ್ಷರಾದರು.

ಜಾಫ್ನಾ ಸಾರ್ವಜನಿಕ ಗ್ರಂಥಾಲಯದ ಬಗ್ಗೆ ನಿಮಗೆ ಹೇಳಲೇಬೇಕು. ಅದನ್ನು ಕಟ್ಟುವಾಗ ಸಲಹೆ ಕೊಟ್ಟವರು ನಮ್ಮ ಎಸ್.ಆರ್. ರಂಗನಾಥನ್. ಗ್ರಂಥಾಲಯ ಶಾಸ್ತ್ರದ ಪಿತಾಮಹ ಎಂದು ಹೆಸರಾಗಿ, ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 1962ರಲ್ಲಿ ಇಲ್ಲಿ ಡಿಆರ್‌ಟಿಸಿ ಎಂಬ ಗ್ರಂಥಾಲಯ ತರಬೇತಿ, ಸಂಶೋಧನಾ ಕೇಂದ್ರ ಸ್ಥಾಪಿಸಿದವರು. ಗ್ರಂಥಾಲಯ ಉದ್ಘಾಟನೆಯಾದದ್ದು 1959ರಲ್ಲಿ, ಮೇಯರ್ ದುರೈಯಪ್ಪ ಅವರಿಂದ. ಬಿಳಿಯ ಗುಮ್ಮಟ, ಮುಂದೆ ಸರಸ್ವತಿಯ ಮೂರ್ತಿ, ಒಳಗೆ ಓಲೆಗರಿಗಳೂ ಸೇರಿ ಸುಮಾರು 97,000 ಪುಸ್ತಕ. 1981ರ ಮೇ 31, ಜಿಲ್ಲಾ ಅಭಿವೃದ್ಧಿ ಮಂಡಳಿಗಳ ಚುನಾವಣೆಗೆ ನಾಲ್ಕು ದಿನ ಬಾಕಿ. ಟಿಯುಎಲ್‌ಎಫ್ ಸಭೆಯಲ್ಲಿ ಪೊಲೀಸರ ಮೇಲೆ ಗುಂಡಿನ ದಾಳಿಯಾಗಿ ಪೊಲೀಸರು ಸತ್ತರು. ರಾತ್ರಿ ಪೊಲೀಸರೇ ಊರ ಮೇಲೆ ಬಿದ್ದರು. ಮಾರುಕಟ್ಟೆ, ಪತ್ರಿಕಾ ಕಚೇರಿ, ಟಿಯುಎಲ್‌ಎಫ್ ಕಚೇರಿ, ಜಾಫ್ನಾದ ಸಂಸದ ವೆಟ್ರಿವೇಲು ಯೋಗೇಶ್ವರನ್ ಅವರ ಮನೆ ಸುಟ್ಟವು. ಗ್ರಂಥಾಲಯಕ್ಕೂ ಬೆಂಕಿ ಬಿತ್ತು. ಆಗ ಇಬ್ಬರು ಕ್ಯಾಬಿನೆಟ್ ಮಂತ್ರಿಗಳು ಜಾಫ್ನಾದಲ್ಲೇ ಇದ್ದರು. ಬಹುಭಾಷಾ ವಿದ್ವಾಂಸರಾದ ಪಾದ್ರಿ ಡೇವಿಡ್ ಅವರು ಕಾಲೇಜಿನ ಮೇಲಿನಿಂದ ಆ ಬೆಂಕಿಯನ್ನು ನೋಡಿ ಕುಸಿದು ಪ್ರಾಣಬಿಟ್ಟರೆಂದು ಜಾಫ್ನಾದವರು ಇಂದಿಗೂ ಹೇಳುತ್ತಾರೆ.

ಅಲ್ಲಿಂದ ಜುಲೈ 1983ಕ್ಕೆ ಎರಡೇ ವರ್ಷ. ನಡುವೆ ಜಯವರ್ಧನೆ ಇನ್ನೊಂದು ಕೆಲಸ ಮಾಡಿದರು. ಸಿರಿಮಾವೊ ಅವರ ನಾಗರಿಕ ಹಕ್ಕುಗಳನ್ನು ಆಗಲೇ ಕಿತ್ತುಕೊಂಡಿದ್ದರು. 1982ರ ಡಿಸೆಂಬರಿನಲ್ಲಿ ಜನಮತಗಣನೆ ನಡೆಸಿ, ಸಂಸತ್ತಿನ ಚುನಾವಣೆಯನ್ನೇ ಆರು ವರ್ಷ ಮುಂದೂಡಿಸಿಕೊಂಡರು. ಯಾರಿಗೂ ಇನ್ನು ಮತದ ಮೂಲಕ ದಾರಿ ಇರಲಿಲ್ಲ, ದಕ್ಷಿಣದ ಸಿಂಹಳ ಯುವಕರಿಗೂ ಇರಲಿಲ್ಲ. ದಶಕದ ಕೊನೆಯಲ್ಲಿ, ಸಿಂಹಳ ಯುವಕರ ಎಡಪಂಥೀಯ ಸಂಘಟನೆಯಾದ ಜೆವಿಪಿಯ ದಂಗೆಯಲ್ಲಿ ಸಾವಿರಾರು ಸಿಂಹಳ ಮಕ್ಕಳು ಸತ್ತದ್ದಕ್ಕೂ ಈ ಮುಚ್ಚಿದ ಬಾಗಿಲಿಗೂ ಸಂಬಂಧವಿದೆ.

ಜುಲೈ 23ರಂದು ತಿರುನೆಲ್ವೇಲಿಯಲ್ಲಿ (ಇದು ಜಾಫ್ನಾದ ತಿರುನೆಲ್ವೇಲಿ) ಹುಲಿಗಳ ದಾಳಿಗೆ 13 ಸೈನಿಕರು ಸತ್ತರು. ಮರುದಿನ ಕೊಲಂಬೊದ ಬೊರೆಲ್ಲ ಸ್ಮಶಾನದಲ್ಲಿ ಸಾಮೂಹಿಕ ಅಂತ್ಯಕ್ರಿಯೆ ಎಂದು ಜನ ಸೇರಿದರು, ಕಾದರು, ಶವಗಳು ಬರಲಿಲ್ಲ. ಸ್ಮಶಾನದಿಂದಲೇ ಬೆಂಕಿ ಹೊರಟಿತು. ಗುಂಪುಗಳ ಕೈಯಲ್ಲಿ ಮತದಾರರ ಪಟ್ಟಿ ಇತ್ತು. ಯಾವ ಬೀದಿಯಲ್ಲಿ ಯಾವ ಮನೆ ತಮಿಳರದು ಎಂದು ಪಟ್ಟಿ ನೋಡಿ ಹೋಗಿ ಸುಟ್ಟರು. ಪ್ರಜಾಪ್ರಭುತ್ವದ ಅತ್ಯಂತ ಸಾಧಾರಣ ಕಾಗದ, ಮತ ಹಾಕಲು ಹೋದಾಗ ನಮ್ಮ ಹೆಸರಿನ ಮುಂದೆ ಗೀಟು ಹಾಕುತ್ತಾರಲ್ಲ, ಆ ಕಾಗದ. ವೆಲಿಕಡ ಜೈಲಿನಲ್ಲಿ ಎರಡು ದಿನಗಳಲ್ಲಿ 53 ತಮಿಳು ಕೈದಿಗಳನ್ನು ಕೊಂದರು. ಅದೇ ದಿನಗಳಲ್ಲಿ ಎಷ್ಟೋ ಸಿಂಹಳ ಮನೆಗಳು ಪಕ್ಕದ ಮನೆಯವರನ್ನು ಅಡುಗೆಮನೆಯಲ್ಲಿ, ಅಟ್ಟದಲ್ಲಿ ಬಚ್ಚಿಟ್ಟು ಉಳಿಸಿದವು. ಸಾಮಾನ್ಯ ಜನರ ನಡುವೆ ಹೊಲಿಯಲಾಗದಂಥ ಹರಕು ಇತ್ತು ಎಂದು ಯಾರಾದರೂ ಹೇಳಿದರೆ ಈ ಮನೆಗಳನ್ನು ನೆನೆಯಿರಿ. ನಾಲ್ಕು ದಿನ ಸುಮ್ಮನಿದ್ದ ಅಧ್ಯಕ್ಷರು ಟೆಲಿವಿಷನ್‌ನಲ್ಲಿ ಬಂದಾಗ ಸತ್ತ ತಮಿಳರಿಗಾಗಿ ಒಂದು ಮಾತಿನ ಮರುಕವನ್ನೂ ಆಡಲಿಲ್ಲ. ಆಗಸ್ಟಿನಲ್ಲಿ ಆರನೆಯ ತಿದ್ದುಪಡಿ ತಂದು, ಪ್ರತ್ಯೇಕ ದೇಶ ಕೇಳುವುದಿಲ್ಲ ಎಂದು ಪ್ರಮಾಣ ಮಾಡದವರಿಗೆ ಸಂಸತ್ತಿನಲ್ಲಿ ಜಾಗವಿಲ್ಲ ಎಂದರು. ಅಮೃತಲಿಂಗಂ ಮತ್ತು ಅವರ ಜತೆಯವರ ಸ್ಥಾನಗಳು ಹೋದವು. ಮಾತಾಡಬಲ್ಲ ತಮಿಳರು ಸಂಸತ್ತಿನಿಂದ ಹೊರಗೆ, ಹುಡುಗರು ದೋಣಿಗಳಲ್ಲಿ ತಮಿಳುನಾಡಿನ ತರಬೇತಿ ಶಿಬಿರಗಳಿಗೆ. ಯುದ್ಧಕ್ಕೆ ಇನ್ನೇನು ಬೇಕು?

ತಮಿಳರ ಕಡೆಯೂ ಅದೇ ಹರಾಜು ನಡೆಯಿತು, ಅಲ್ಲಿ ದರ ಕೂಗಿದ್ದು ಪಿಸ್ತೂಲಿನಿಂದ. 1989ರ ಜುಲೈ 13ರಂದು ಕೊಲಂಬೊದ ಒಂದು ಮನೆಗೆ ಹುಲಿಗಳ ಪ್ರತಿನಿಧಿಗಳು ಮಾತುಕತೆಗೆ ಬಂದರು. ಅತಿಥಿಗಳನ್ನು ಶೋಧಿಸಬೇಡಿ ಎಂದು ಕಾವಲಿನವರಿಗೆ ಮೊದಲೇ ಹೇಳಿದ್ದರು ಮನೆಯವರು. ಚಹಾ ಕೊಟ್ಟರು. ಬಂದವರು ಅಮೃತಲಿಂಗಂ ಅವರನ್ನೂ ಯೋಗೇಶ್ವರನ್ ಅವರನ್ನೂ ಗುಂಡಿಟ್ಟು ಕೊಂದರು. 1956ರಲ್ಲಿ ಸಿಂಹಳ ಗುಂಪಿನಿಂದ ತಲೆ ಒಡೆಸಿಕೊಂಡವರು ಒಬ್ಬರು, 1981ರಲ್ಲಿ ಪೊಲೀಸರಿಂದ ಮನೆ ಸುಡಿಸಿಕೊಂಡವರು ಇನ್ನೊಬ್ಬರು. ಯೋಗೇಶ್ವರನ್ ಅವರ ಪತ್ನಿ ಸರೋಜಿನಿ 1998ರಲ್ಲಿ ಧೈರ್ಯ ಮಾಡಿ ಜಾಫ್ನಾದ ಮೇಯರ್ ಆದರು. ಕೆಲವೇ ತಿಂಗಳಲ್ಲಿ ಅವರನ್ನೂ ಮನೆಯಲ್ಲೇ ಕೊಂದರು. ಈ ಕುಟುಂಬದ ಕಥೆ ಬಲ್ಲವರು ಹುಲಿಗಳನ್ನು ತಮಿಳರ ಏಕೈಕ ರಕ್ಷಕರು ಎನ್ನುವುದನ್ನು ನಾನು ಒಪ್ಪಲಾರೆ. ಅವರ ಕೈ ನಮ್ಮ ನೆಲಕ್ಕೂ ಚಾಚಿತು. ರಾಜೀವ್ ಗಾಂಧಿ ಹತ್ಯೆಯ ನಂತರ ಶಿವರಸನ್ ಮತ್ತು ಸಂಗಡಿಗರು ಅಡಗಿ ಸತ್ತದ್ದು ಬೆಂಗಳೂರಿನ ಕೋಣನಕುಂಟೆಯಲ್ಲಿ, 1991ರ ಆಗಸ್ಟಿನಲ್ಲಿ.

ಬಂಡಾರನಾಯಕೆಯವರ ಮಗಳು ಚಂದ್ರಿಕಾ ಅಧ್ಯಕ್ಷೆಯಾಗಿ, ತಂದೆ ಹರಿದ ಒಪ್ಪಂದಕ್ಕಿಂತ ಹೆಚ್ಚು ಕೊಡುವ ಸಂವಿಧಾನ ರಚಿಸಲು ಹೊರಟರು. ಅದರ ಕರಡಿಗೆ ದುಡಿದ ತಮಿಳು ನ್ಯಾಯವಾದಿ ನೀಲನ್ ತಿರುಚೆಲ್ವಂ ಅವರನ್ನು 1999ರ ಜುಲೈ 29ರಂದು ಆತ್ಮಹತ್ಯಾ ಬಾಂಬರ್ ಕೊಂದ. 2000ದ ಆಗಸ್ಟಿನಲ್ಲಿ ಮಸೂದೆ ಸಂಸತ್ತಿಗೆ ಬಂದಾಗ ಯುಎನ್‌ಪಿ ಸದಸ್ಯರು ಸಭೆಯೊಳಗೇ ಅದರ ಪ್ರತಿಗಳಿಗೆ ಬೆಂಕಿ ಹಚ್ಚಿದರು. ಎರಡು ವರ್ಷದ ನಂತರ ಅದೇ ಯುಎನ್‌ಪಿಯ ರನಿಲ್ ವಿಕ್ರಮಸಿಂಘೆ ಪ್ರಧಾನಿಯಾಗಿ ಹುಲಿಗಳೊಂದಿಗೆ ಕದನವಿರಾಮಕ್ಕೆ ಸಹಿ ಹಾಕಿದರು. 2003ರ ನವೆಂಬರಿನಲ್ಲಿ ಅವರು ವಾಷಿಂಗ್ಟನ್‌ನಲ್ಲಿದ್ದಾಗ ಚಂದ್ರಿಕಾ ರಕ್ಷಣೆ, ಗೃಹ, ಮಾಧ್ಯಮ ಖಾತೆಗಳನ್ನು ಕಿತ್ತುಕೊಂಡರು. 2005ರ ಅಧ್ಯಕ್ಷ ಚುನಾವಣೆಯಲ್ಲಿ ಹುಲಿಗಳು ಉತ್ತರದಲ್ಲಿ ಯಾರೂ ಮತ ಹಾಕದಂತೆ ನೋಡಿಕೊಂಡರು. ಜಾಫ್ನಾ ಜಿಲ್ಲೆಯಲ್ಲಿ ನೂರಕ್ಕೆ ಇಬ್ಬರೂ ಮತ ಹಾಕಲಿಲ್ಲ. ಮಹಿಂದ ರಾಜಪಕ್ಸ ಎರಡು ಲಕ್ಷಕ್ಕೂ ಕಡಿಮೆ ಮತಗಳ ಅಂತರದಲ್ಲಿ ರನಿಲ್ ಅವರನ್ನು ಸೋಲಿಸಿದರು. ನಾಲ್ಕು ವರ್ಷಕ್ಕೆ ಮುಳ್ಳಿವಾಯ್ಕಾಲ್, ಯುದ್ಧ ಮುಗಿದ ಜಾಗ. ಕೊನೆಯ ಹಂತದಲ್ಲೇ 40,000 ನಾಗರಿಕರು ಸತ್ತಿರಬಹುದು ಎಂದಿತು ವಿಶ್ವಸಂಸ್ಥೆಯ ತಜ್ಞರ ಸಮಿತಿ.

ಕೇಳುಗರಲ್ಲಿ ಒಬ್ಬರು ಚೀಟಿ ಬರೆದು ಕಳಿಸಿದ್ದಾರೆ: ಮತ ಕಳೆದುಕೊಳ್ಳುವ ಭಯ ಇರುವಾಗ ಯಾವ ನಾಯಕ ತಾನೇ ಬೇರೆ ಏನು ಮಾಡಬಹುದಿತ್ತು?

ಬೇರೆಯವರ ಬಗ್ಗೆ ಆ ಸಮಜಾಯಿಷಿಯನ್ನು ಅಲ್ಪಸ್ವಲ್ಪ ಒಪ್ಪುತ್ತೇನೆ, 1977ರ ಜಯವರ್ಧನೆ ಬಗ್ಗೆ ಒಪ್ಪುವುದಿಲ್ಲ. 168 ಸ್ಥಾನಗಳಲ್ಲಿ ಅವರಿಗೆ 140 ಇದ್ದವು. ಎಸ್‌ಎಲ್‌ಎಫ್‌ಪಿಗೆ ಇದ್ದದ್ದು 8. ಅವರಿಗಿಂತ ಮೇಲೆ ಕೂಗಲು ಎದುರಿಗೆ ಯಾರೂ ಇರಲಿಲ್ಲ. ಭಾಷೆ, ಶಿಕ್ಷಣ, ನೌಕರಿ, ಜನವಸತಿಯ ವಿಷಯದಲ್ಲಿ ತಮಿಳರಿಗೆ ನಿಜವಾದ ಕಷ್ಟಗಳಿವೆ ಎಂದು ಅವರ ಪಕ್ಷದ ಪ್ರಣಾಳಿಕೆಯೇ ಬರೆದಿತ್ತು. ಎದುರಿಗೆ ಕೂತಿದ್ದವರು ಅಮೃತಲಿಂಗಂ, ಬಂದೂಕಿನವರಲ್ಲ. ಜಯವರ್ಧನೆ ಕೊಟ್ಟದ್ದು ಹಣವೂ ಅಧಿಕಾರವೂ ಇಲ್ಲದ ಜಿಲ್ಲಾ ಮಂಡಳಿ, ಅದೂ ನಾಲ್ಕು ವರ್ಷ ತಡವಾಗಿ, ಮತ್ತು ಅದರ ಚುನಾವಣೆಯ ವಾರದಲ್ಲೇ ಜಾಫ್ನಾ ಸುಟ್ಟಿತು. 1987ರ ಜುಲೈ 29ರಂದು ಅವರು ರಾಜೀವ್ ಗಾಂಧಿ ಪಕ್ಕದಲ್ಲಿ ಕೂತು ಸಹಿ ಹಾಕಿದ ಒಪ್ಪಂದದಿಂದ ಪ್ರಾಂತೀಯ ಮಂಡಳಿಗಳು ಬಂದವು, ತಮಿಳೂ ಅಧಿಕೃತ ಭಾಷೆಯಾಯಿತು. ಮೂವತ್ತು ವರ್ಷದ ಹಿಂದೆ ಯಾವ ಪ್ರಾದೇಶಿಕ ಮಂಡಳಿಗಳ ವಿರುದ್ಧ ಕ್ಯಾಂಡಿಗೆ ನಡೆದಿದ್ದರೋ ಹೆಚ್ಚುಕಡಿಮೆ ಅದನ್ನೇ ಕೊಟ್ಟರು. ಅವರು ಸಹಿ ಹಾಕುವ ಹೊತ್ತಿಗೆ ಕೊಲಂಬೊದ ಬೀದಿಗಳಲ್ಲಿ ಭಿಕ್ಷುಗಳೊಂದಿಗೆ ಪ್ರತಿಭಟನೆಗೆ ಇಳಿದಿದ್ದ ಪಕ್ಷ ಎಸ್‌ಎಲ್‌ಎಫ್‌ಪಿ.